ಸಿಪಾಯಿಗಳ ಹಲ್ಲು

ತಮಟೆಯ ಸದ್ದು ಬೀದಿಯ ತಿರುವಿಗೆ ಬಂದು ನಿಂತಿತು. ತಳವಾರ ಕರಿಯಪ್ಪ ಗಂಟಲು ಸರಿಮಾಡಿಕೊಂಡು, ಕಚೇರಿಯಲ್ಲಿ ಓದಿ ಹೇಳಿದ್ದರಲ್ಲಿ ತನಗೆ ನೆನಪು ಉಳಿದಷ್ಟನ್ನು ಕೂಗಿದ.

"ಕೇಳ್ರಪ್ಪೋ ಕೇಳ್ರೀ! ಬರೋ ಸೋಮವಾರದಿಂದ ಕಡೂರು ಛತ್ರದಲ್ಲಿ ಸಿಪಾಯಿಗಳ ಹಲ್ಲು ಧರ್ಮಕ್ಕೆ ಕೊಡ್ತಾರಂತೆ! ಬಡವರು ಅಂತ ಅಮಲ್ದಾರ್ರ ರುಜು ಮಾಡಿಸ್ಕೊಂಡು ಹೋಗ್ಬೇಕಂತಪ್ಪೋ!"

ಕಾಗದದಲ್ಲಿ ಇದ್ದದ್ದು ಬೇರೆ. ಸೈನ್ಯದಿಂದ ನಿವೃತ್ತರಾದವರಲ್ಲಿ ಬಡವರಾದವರಿಗೆ ಹಲ್ಲಿನ ಚಿಕಿತ್ಸೆ ಉಚಿತ, ಹಲ್ಲೇ ಇಲ್ಲದವರಿಗೆ ಹೊಸ ಹಲ್ಲಿನ ಸೆಟ್ಟು ಉಚಿತ ಎಂದು ಇತ್ತು. ಅಷ್ಟುದ್ದದ ಮಾತು ತಮಟೆಗೆ ಹೊಂದುವುದಿಲ್ಲ. ಬುಕ್ಕಾಂಬುಧಿಗೆ ಬರುವ ಮೊದಲು ನಾಲ್ಕು ಹಳ್ಳಿಗಳಲ್ಲಿ ಕೂಗಿದ್ದ ಕರಿಯಪ್ಪನ ಬಾಯಲ್ಲಿ ಅದು ಸವೆದು ಇಷ್ಟಕ್ಕೆ ಬಂದು ನಿಂತಿತ್ತು.

ದೇವೀರಪ್ಪ ತನ್ನ ಮನೆಯ ಜಗಲಿಯ ಮೇಲೆ ಕೂತು ಹಾಲಿನಲ್ಲಿ ನೆನೆದ ರೊಟ್ಟಿಯನ್ನು ಒಸಡಿನಿಂದಲೇ ಅದುಮಿ ನುಂಗುತ್ತಿದ್ದ. ಐವತ್ತೈದಕ್ಕೇ ಅವನ ಬಾಯಿ ಬೋಳಾಗಿತ್ತು. ದೊಡ್ಡ ಯುದ್ಧದ ಕಾಲದಲ್ಲಿ ಸೇತುವೆ ಕಟ್ಟುವ ಪಲ್ಟನ್ನಿನಲ್ಲಿದ್ದು, ಬರ್ಮಾದ ಕಾಡಿನಲ್ಲಿ ಮೂರು ವರ್ಷ ಹೊತ್ತಿಲ್ಲದ ಹೊತ್ತಿನಲ್ಲಿ ಸಿಕ್ಕಿದ್ದನ್ನು ತಿಂದು, ಆಗಲೇ ಒಸಡು ಕೀವು ಕಟ್ಟಿತ್ತು. ಸೈನ್ಯ ಬಿಟ್ಟು ಊರಿಗೆ ಬಂದ ಮೇಲೆ ಹಲ್ಲುಗಳು ಒಂದೊಂದಾಗಿ ಉದುರಿದ್ದವು. ಅವನ ಪಕ್ಕದಲ್ಲಿ ಕೂತಿದ್ದವನು ಸಣ್ಣಬೀರಪ್ಪ, ಅದೇ ಯುದ್ಧಕ್ಕೆ ಹೋಗಿ ಬಂದವನು, ಈಗ ಕುರಿ ಕಾಯುವವನು. ಅವನ ಬಾಯಲ್ಲಿ ಹಲ್ಲು ಇದ್ದವು, ನಾಲಗೆಗೆ ಮಾತ್ರ ಲಗಾಮು ಇರಲಿಲ್ಲ.

ಎದುರುಮನೆಯ ಪಂಚಾಕ್ಷರಪ್ಪ ಬಾಗಿಲಿಗೆ ಬಂದು, "ಯಾರ ಹಲ್ಲಂತೋ ಕರಿಯಪ್ಪ ಅವು?" ಎಂದು ಕೇಳಿದ.

ಕರಿಯಪ್ಪ ಉತ್ತರ ಹುಡುಕುವುದರೊಳಗೆ ಸಣ್ಣಬೀರಪ್ಪನೇ ಬಾಯಿ ಹಾಕಿದ. "ಇನ್ಯಾರವು ಸ್ವಾಮೀ? ಸಿಪಾಯಿಗಳವೇ. ಯುದ್ಧದಲ್ಲಿ ಸತ್ತೋನ ಕೋವಿ ವಾಪಸ್ ತಗೊತಾರೆ, ಬೂಟು ವಾಪಸ್ ತಗೊತಾರೆ, ಹಲ್ಲು ಬಿಟ್ಟಾರಾ? ಎಲ್ಲಾ ಜಮಾ ಮಾಡಿ ಮಡಗಿರ್ತಾರೆ. ಈಗ ನಮ್ಮಂಥ ಮುದುಕರಿಗೆ ಹಂಚ್ತಾರೆ. ದೇವೀರಣ್ಣಂಗೆ ಯಾವನಾದ್ರೂ ಪಂಜಾಬಿಯವನ ಹಲ್ಲು ಸಿಕ್ಕಿದ್ರೆ ನಾಳೆಯಿಂದ ಹಿಂದೂಸ್ತಾನೀಲೇ ಬಯ್ತಾನೆ ನೋಡ್ತಿರಿ!"

ಬೀದಿಯಲ್ಲಿ ನಾಲ್ಕು ಜನ ನಕ್ಕರು. ಸಣ್ಣಬೀರಪ್ಪನೂ ನಕ್ಕ. ನಗುವಿನ ನಡುವೆಯೇ ತಾನು ಯಾರ ಮನೆಯ ಜಗಲಿಯ ಮೇಲೆ ಕೂತಿದ್ದೇನೆ ಎನ್ನುವುದು ನೆನಪಾಗಿ ಅವನ ಮುಖ ಇಳಿದುಹೋಯಿತು. ಒಳಗೆ ದೇವೀರಪ್ಪನ ಹೆಂಡತಿ ತೀರ್ಥಮ್ಮ ಮೊರದಲ್ಲಿ ಜೋಳ ಕೇರುತ್ತಿದ್ದಳು. ಆ ಸದ್ದು ನಿಂತುಹೋಗಿತ್ತು.

"ನನ್ ನಾಲ್ಗೆ ಸೇದಿಹೋಗ," ಎಂದು ಗೊಣಗಿ ಸಣ್ಣಬೀರಪ್ಪ ಕಂಬಳಿ ಹೆಗಲಿಗೇರಿಸಿ ಎದ್ದು ಹೋದ.

ದೇವೀರಪ್ಪನಿಗೂ ತೀರ್ಥಮ್ಮನಿಗೂ ಒಬ್ಬನೇ ಮಗ, ಷಣ್ಮುಖ. ಅಪ್ಪನ ಹಾದಿ ಹಿಡಿದು ಹತ್ತೊಂಬತ್ತನೇ ವರ್ಷಕ್ಕೇ ಸೈನ್ಯಕ್ಕೆ ಸೇರಿದ್ದ. ಎರಡು ವರ್ಷದ ಹಿಂದೆ ಚೀನಾದವರ ಗಲಾಟೆಯಲ್ಲಿ ಅವನ ತುಕಡಿ ಈಶಾನ್ಯ ಗಡಿಯ ನೇಫಾದ ಬೆಟ್ಟದಲ್ಲಿತ್ತು. ಮೊದಲು ಬಂದ ತಂತಿಯಲ್ಲಿ ಪತ್ತೆಯಿಲ್ಲ ಎಂದಿತ್ತು. ಎಂಟು ತಿಂಗಳ ಮೇಲೆ ಬಂದ ಕಾಗದದಲ್ಲಿ, ಸತ್ತನೆಂದು ತಿಳಿಯತಕ್ಕದ್ದು ಎಂದಿತ್ತು. ಮಗನ ದೇಹ ಬರಲಿಲ್ಲ, ಪೆಟ್ಟಿಗೆ ಬರಲಿಲ್ಲ, ಕೊರಳಲ್ಲಿದ್ದ ಲಿಂಗದ ಕರಡಿಗೆಯೂ ಬರಲಿಲ್ಲ.

ಕಾಗದ ಬಂದ ವಾರಕ್ಕೆ ಮಠದ ಐನೋರು ಮನೆಗೆ ಬಂದು, ದೇಹ ಸಿಗದಿದ್ದರೂ ವಿಭೂತಿಯಿಟ್ಟು ಮಣ್ಣು ಕೊಡುವ ಕ್ರಮವಿದೆ, ಗಣಾರಾಧನೆ ಮಾಡಿ ಮುಗಿಸೋಣ, ಜೀವಕ್ಕೆ ಸಮಾಧಾನವಾಗಲಿ ಎಂದಿದ್ದರು. ತೀರ್ಥಮ್ಮ ಅವರ ಪಾದಕ್ಕೆ ಕೈಮುಗಿದು, "ಬರೀ ಮಣ್ಣಿಗೆ ಮಣ್ಣು ಹಾಕೋದಕ್ಕೆ ನನ್ನ ಕೈಲಾಗಲ್ಲ ಬುದ್ಧಿ. ಅವನದು ಅಂತ ಒಂದು ಉಗುರು ಬರಲಿ. ಒಂದು ಕೂದಲು ಬರಲಿ. ಆಮೇಲೆ ಮಾಡೋಣ," ಎಂದಿದ್ದಳು. ಅಷ್ಟೇ. ಅಂದಿನಿಂದ ಅವಳು ಅತ್ತವಳಲ್ಲ, ಮಗನ ಹೆಸರು ಎತ್ತಿದವಳಲ್ಲ. ಕಸ ಗುಡಿಸುತ್ತಿದ್ದಳು, ನೀರು ತರುತ್ತಿದ್ದಳು, ಪೂಜೆಗೆ ಹೂವು ಪತ್ರೆ ಅಣಿಮಾಡುತ್ತಿದ್ದಳು. ಎರಡು ವರ್ಷದಿಂದ ಗಂಡನನ್ನು ಇಂಥದ್ದು ಬೇಕು ಎಂದು ಕೇಳಿರಲಿಲ್ಲ. ದೇವೀರಪ್ಪನಿಗೆ ಮಗ ಹೋದ ದುಃಖ ಒಂದಾದರೆ, ಉಸಿರಾಡುತ್ತಲೇ ದೂರ ಹೋಗಿಬಿಟ್ಟ ಈ ಹೆಂಡತಿಯ ದುಃಖ ಇನ್ನೊಂದಾಗಿತ್ತು.

ಆ ಸಂಜೆ ಅವಳು ದೀಪ ಹಚ್ಚಿ ಬಂದು ಗಂಡನ ಎದುರಿಗೆ ಕೂತಳು.

"ನೀವೂ ಹೋಗ್ರಿ ಕಡೂರಿಗೆ," ಎಂದಳು.

"ನಂಗ್ಯಾಕೆ ಈ ವಯಸ್ಸಲ್ಲಿ ಹಲ್ಲು?"

"ಅವನ್ನ ಒಂದ್ಕಡೆ ಹರಡಿ ಇಟ್ಟಿರ್ತಾರಾ? ನೋಡಿ ಆರಿಸ್ಕೊಳ್ಳೋದಕ್ಕೆ ಬಿಡ್ತಾರಾ?"

ದೇವೀರಪ್ಪನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಅವಂದು ಹಲ್ಲಿನ ಮೇಲೆ ಹಲ್ಲು," ಎಂದಳು ತೀರ್ಥಮ್ಮ. "ನೂರು ಹಲ್ಲಿನ ಮಧ್ಯೆ ಇಟ್ರೂ ನಂಗೆ ಗೊತ್ತಾಗುತ್ತೆ."

ಲೇ, ಬೀರ ತಮಾಷೆಗೆ ಆಡಿದ ಮಾತು ಕಣೇ, ಸತ್ತವರ ಹಲ್ಲು ಯಾರೂ ಕಿತ್ತಿಡುವುದಿಲ್ಲ, ಅವನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ ಎಂದು ಹೇಳಬೇಕಾಗಿತ್ತು. ಹೇಳಲು ಬಾಯಿ ತೆರೆದ. ದೀಪದ ಬೆಳಕಿನಲ್ಲಿ ಅವಳ ಮುಖ ಕಂಡಿತು. ಎರಡು ವರ್ಷದ ಮೇಲೆ ಅದು ಅವನ ಕಡೆಗೆ ತಿರುಗಿತ್ತು.

"ಕೇಳಿ ನೋಡ್ತೀನಿ," ಎಂದ.

ಸೋಮವಾರ ಅವನೂ ಸಣ್ಣಬೀರಪ್ಪನೂ ಅಜ್ಜಂಪುರದವರೆಗೆ ಎತ್ತಿನ ಗಾಡಿಯಲ್ಲಿ ಹೋಗಿ ರೈಲು ಹತ್ತಿದರು. ಸಣ್ಣಬೀರಪ್ಪನಿಗೆ ದವಡೆಯ ಹಲ್ಲೊಂದು ಹುಳುಕಾಗಿತ್ತು. ಬೀರೂರು ದಾಟುವವರೆಗೆ ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ, "ದೇವೀರಣ್ಣ, ಅವತ್ತು ಆಡಿದ್ದು ನಂಗೆ ಮನಸ್ಸಿನಲ್ಲಿ ಕುಟ್ಕುಟ್ ಅಂತೈತೆ. ಅತ್ತಿಗೆಗೆ ನಾನೇ ಬಂದು ಸುಳ್ಳು ಅಂತ ಹೇಳ್ಬಿಡ್ಲಾ?" ಎಂದ.

"ಬ್ಯಾಡ ಬಿಡೋ," ಎಂದ ದೇವೀರಪ್ಪ.

ಕಡೂರಿನ ಛತ್ರದ ಅಂಗಳದಲ್ಲಿ ತರೀಕೆರೆ, ಲಿಂಗದಹಳ್ಳಿ, ಹಿರೇನಲ್ಲೂರು ಎಲ್ಲ ಕಡೆಯಿಂದ ಹಳೆಯ ಸಿಪಾಯಿಗಳು ಬಂದು ಸೇರಿದ್ದರು. ಯಾರೂ ಹೇಳದಿದ್ದರೂ ತಾವೇ ಸಾಲಾಗಿ ನಿಂತಿದ್ದರು. ಒಬ್ಬನ ಅಂಗಿಗೆ ಪದಕವಿತ್ತು, ಗುಂಡಿ ಇರಲಿಲ್ಲ. ಒಳಗೆ ಕೂಗಿದವನನ್ನು ಹೊರಗಿನವರು ಹಾಸ್ಯಮಾಡುತ್ತಿದ್ದರು. ಸಣ್ಣಬೀರಪ್ಪನ ಸರದಿ ಬಂದಾಗ ಅವನ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳಿಸುವಂತಿತ್ತು. ಹೊರಗೆ ಬಂದವನ ಬಾಯಲ್ಲಿ ಹತ್ತಿ ತುರುಕಿದ್ದರು. "ಈಗ ಮಾತಾಡಲಾ ನೋಡೋಣ!" ಎಂದು ಸಾಲಿನಲ್ಲಿದ್ದ ಒಬ್ಬ ಕೆಣಕಿದ.

ಬೆಂಗಳೂರಿನಿಂದ ಬಂದಿದ್ದ ಡಾಕ್ಟರು ನಲವತ್ತು ದಾಟಿದ, ತೆಳ್ಳನೆಯ ಮನುಷ್ಯ. ದೇವೀರಪ್ಪನ ಬಾಯಿ ನೋಡಿ, "ಭೇಷ್, ಕೀಳೋ ಕೆಲಸ ನಮಗೆ ಉಳಿಸಿಲ್ಲ ನೀವು," ಎಂದರು. ತಟ್ಟೆಯಂಥದ್ದರಲ್ಲಿ ಬಿಳಿಯ ಹಿಟ್ಟು ಕಲಸಿ ಬಾಯಿಗಿಟ್ಟು ಅಚ್ಚು ತೆಗೆದರು. ಗುರುವಾರ ಬನ್ನಿ, ಮೇಣದಲ್ಲಿ ಹಲ್ಲು ಕೂರಿಸಿ ನೋಡುತ್ತೇವೆ, ಶನಿವಾರ ತೆಗೆದುಕೊಂಡು ಹೋಗಬಹುದು ಎಂದರು.

ಎದ್ದು ಹೊರಡುವಾಗ ದೇವೀರಪ್ಪನ ಕಣ್ಣು ಪಕ್ಕದ ಮೇಜಿನ ಮೇಲೆ ಬಿತ್ತು. ಅಲ್ಲಿ ಉದ್ದನೆಯ ಪಟ್ಟಿಗಳಿಗೆ ಹಲ್ಲುಗಳನ್ನು ಅಂಟಿಸಿ ಇಟ್ಟಿದ್ದರು. ಆರಾರು ಹಲ್ಲಿನ ಸಾಲು, ಪ್ರತಿ ಸಾಲಿಗೂ ಒಂದು ನಂಬರು. ಬೆಳ್ಳಗಿನವು, ಹಳದಿ ಬಣ್ಣಕ್ಕೆ ತಿರುಗಿದವು, ದೊಡ್ಡವು, ಚಿಕ್ಕವು, ಎಲ್ಲ ಅಳತೆಗೋಲಿಟ್ಟು ಮಾಡಿದ ಹಾಗೆ ನೆಟ್ಟಗೆ. ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಸೈನ್ಯದಲ್ಲಿದ್ದವನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅವನು ಮೇಜಿನ ಮೇಲೆ ಬಗ್ಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ನೋಡುತ್ತ ಹೋದ. ಕೆಲಸದವನು ಬಂದು, "ಮುಟ್ಟಬೇಡಿ ಯಜಮಾನರೇ," ಎಂದ ಮೇಲೆ ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯಿತು.

ಮೂರು ದಿನ ಅವನಿಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿದರೆ, ನಾನು ಸುಳ್ಳೇನೂ ಹೇಳಿಲ್ಲವಲ್ಲ ತಂದೆ, ಸುಮ್ಮನಿದ್ದೇನೆ ಅಷ್ಟೆ ಎನ್ನುವ ಮಾತೇ ಮೇಲೆ ಬರುತ್ತಿತ್ತು. ಅತ್ತ ತೀರ್ಥಮ್ಮ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು.

ಗುರುವಾರ ಡಾಕ್ಟರು ಕೆಂಪು ಮೇಣದಲ್ಲಿ ಕೂರಿಸಿದ ಹಲ್ಲಿನ ಸಾಲನ್ನು ಅವನ ಬಾಯಿಗಿಟ್ಟು ಕೈಗನ್ನಡಿ ಕೊಟ್ಟರು. ಕುಳಿಬಿದ್ದ ಕೆನ್ನೆ ತುಂಬಿಕೊಂಡಿತ್ತು. ಕನ್ನಡಿಯಲ್ಲಿ ಇದ್ದವನು ಹತ್ತು ವರ್ಷ ಚಿಕ್ಕವನು. ಷಣ್ಮುಖನ ಗಲ್ಲ ತನ್ನದೇ ಗಲ್ಲ ಎಂದು ಜನ ಹೇಳುತ್ತಿದ್ದದ್ದು ದಿಟವೆನ್ನುವುದು ಅವನಿಗೆ ಮೊದಲ ಸಲ ಕಂಡಿತು.

"ಚೆನ್ನಾಗಿದೆಯಾ?"

ದೇವೀರಪ್ಪ ಹಲ್ಲನ್ನು ತೆಗೆದು ಅವರ ಕೈಗೆ ಕೊಟ್ಟ. ಪಂಚೆಯ ಅಂಚನ್ನು ಹಿಡಿದುಕೊಂಡು, "ಸ್ವಾಮೀ, ಒಂದು ಹಲ್ಲು ವಾರೆ ಮಾಡಿ ಕೂರಿಸ್ಬೌದಾ?" ಎಂದ.

"ವಾರೆ?"

"ಮುಂದಿನ ಎರಡು ಹಲ್ಲಿನ ಪಕ್ಕದ್ದು. ಅದು ಮುಂದಿನ ಹಲ್ಲಿನ ಮೇಲೆ ಹತ್ತಿ ಕೂತಂಗೆ."

ಡಾಕ್ಟರಿಗೆ ನಗು ಬಂತು. "ನೋಡಿ ಯಜಮಾನರೇ, ಇಲ್ಲಿಗೆ ಬಂದಮೇಲೆ ಮೂವತ್ತು ಜನಕ್ಕೆ ಹಲ್ಲು ಕಟ್ಟಿದ್ದೀನಿ. ಒಬ್ಬರು ಸಿನಿಮಾದವರ ಥರ ಮಾಡಿ ಅಂದ್ರು. ಒಬ್ಬರು ಚಿನ್ನದ್ದೊಂದು ಸೇರಿಸಿ ಅಂದ್ರು. ಸೊಟ್ಟ ಮಾಡಿ ಅಂದೋರು ನೀವೊಬ್ಬರೇ. ನಿಮ್ಮ ಮೊದಲಿನ ಹಲ್ಲು ಹಾಗಿತ್ತಾ?"

"ನಂದಲ್ಲ."

"ಮತ್ತೆ?"

"ನನ್ನ ಮಗಂದು. ಅವನು ನೇಫಾದಲ್ಲಿ ಉಳ್ಕೊಂಡ." ಇನ್ನೂ ಹೇಳಬೇಕೆಂದು ಹೊರಟವನಿಗೆ, ತಮಟೆ, ಬೀರನ ತಮಾಷೆ, ದೀಪದ ಮುಂದೆ ಕೂತ ತೀರ್ಥಮ್ಮ, ಇದರಲ್ಲಿ ಯಾವುದರಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. "ಅವನ ತಾಯಿಗೆ ತೋರಿಸ್ಬೇಕು," ಎಂದಷ್ಟೇ ಹೇಳಿದ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಆಮೇಲೆ ಅವರು ಸಣ್ಣ ದೀಪದಲ್ಲಿ ಚಿಮಟದ ತುದಿ ಕಾಯಿಸಿ, ಮೇಣದ ಸಾಲನ್ನು ಎಡಗೈಯಲ್ಲಿ ಹಿಡಿದು, "ತುಟಿ ಸ್ವಲ್ಪ ತರಚುತ್ತೆ. ಪರವಾಗಿಲ್ಲವಾ?" ಎಂದರು.

"ತರಚಲಿ."

"ಯಾವ ಕಡೆ? ಎಡಗಡೆಯೋ ಬಲಗಡೆಯೋ?"

ದೇವೀರಪ್ಪ ತಟ್ಟನೆ ಹೇಳಹೋಗಿ ನಿಂತ. ಯಾವ ಕಡೆ? ಮಗನ ಫೋಟೋ ಒಂದೇ ಒಂದು ಇತ್ತು, ಸಮವಸ್ತ್ರದಲ್ಲಿ, ಬಾಯಿ ಬಿಗಿಹಿಡಿದು ನಿಂತದ್ದು. ಮಗು ತೊದಲುವಾಗ, ಓದುವಾಗ, ಬಿದ್ದು ಎದ್ದಾಗ ತಾನು ಬರ್ಮಾದಲ್ಲಿದ್ದ, ಪೂನಾದಲ್ಲಿದ್ದ. ಸೈನ್ಯ ಬಿಟ್ಟು ಬಂದ ಮೇಲೆ ಆರು ವರ್ಷ ಒಂದೇ ಸೂರಿನಡಿ ಇದ್ದರೂ ಬೆಳೆದ ಮಗನ ಬಾಯನ್ನು ಯಾವ ತಂದೆ ನಿಂತು ನೋಡುತ್ತಾನೆ? ಕಣ್ಣು ಮುಚ್ಚಿಕೊಂಡ. ಹುಡುಕಿದ. ಅಜ್ಜಂಪುರದ ಸ್ಟೇಷನ್ನು, ಕೊನೆಯ ರಜೆ ಮುಗಿಸಿ ಹೊರಟ ದಿನ. ಷಣ್ಮುಖ ಕಿಟಕಿಯಿಂದ ತಲೆ ಹೊರಗಿಟ್ಟು, "ಅಪ್ಪಾಜಿ, ನೀವಿನ್ನು ಹೊರಡಿ, ಬಿಸಿಲಾಗುತ್ತೆ," ಎಂದು ನಕ್ಕ. ಗಾಡಿ ಅಲುಗಿತು. ಆ ನಗುವಿನಲ್ಲಿ, ಇಕೋ, ಈ ಕೈಯ ಕಡೆಗೆ, ಒಂದು ಹಲ್ಲು ಇನ್ನೊಂದರ ಮೇಲೆ ಏರಿತ್ತು.

"ಬಲಗಡೆ," ಎಂದ ದೇವೀರಪ್ಪ. ಕಣ್ಣು ತೆರೆದಾಗ ಅವು ತುಂಬಿದ್ದವು. ಮರೆತಿರಲಿಲ್ಲ ಎನ್ನುವುದೇ ಅವನಿಗೆ ದೊಡ್ಡ ಸಂಪತ್ತು ಸಿಕ್ಕಂತಾಗಿತ್ತು.

ಶನಿವಾರ ಮಧ್ಯಾಹ್ನ ಅವನು ಮನೆಗೆ ಬಂದಾಗ ಅಂಗಳಕ್ಕೆ ಸಗಣಿ ಸಾರಿಸಿತ್ತು. ತೀರ್ಥಮ್ಮ ತಲೆಗೆ ನೀರು ಹಾಕಿಕೊಂಡು ಹಣೆ ತುಂಬ ವಿಭೂತಿ ಹಚ್ಚಿದ್ದಳು. ನಡುಮನೆಯಲ್ಲಿ ಒಂದು ಮಣೆ, ಮಣೆಯ ಮೇಲೆ ಮಡಿಸಿದ ಹೊಸ ಬಿಳಿಯ ಬಟ್ಟೆ, ಪಕ್ಕದಲ್ಲಿ ಬಿಲ್ವಪತ್ರೆ. ಕಡೂರಿನಿಂದ ಬರುವ ಮಗನಿಗೆ ಹಾಸಿಟ್ಟಂತೆ ಹಾಸಿಟ್ಟಿದ್ದಳು. ದೇವೀರಪ್ಪನ ಕಾಲು ಹೊಸಿಲಲ್ಲೇ ತಡೆಯಿತು.

"ತಂದ್ರಾ?"

ಅವನು ಡಬ್ಬಿಯಿಂದ ತೆಗೆದು ಮಣೆಯ ಮೇಲಿಟ್ಟ. ಬಾಯಿಗೆ ಹಾಕಿಕೊಂಡು ಬಂದಿರಲಿಲ್ಲ.

ತೀರ್ಥಮ್ಮ ಮಂಡಿಯೂರಿ ಕೂತಳು. ಮೊದಲು ಕೈ ಹಿಂದೆಗೆದಳು, ಆಮೇಲೆ ಬೆರಳಿನ ತುದಿಯನ್ನು ಮೆಲ್ಲಗೆ ಹಲ್ಲುಗಳ ಮೇಲೆ ಇಟ್ಟು ಸವರುತ್ತ ಬಂದಳು. ವಾರೆಯಾದ ಹಲ್ಲಿನ ಮೇಲೆ ಬೆರಳು ನಿಂತಿತು. ಅವಳ ಉಸಿರು ಕೇಳಿಸಿತು. ಹಲ್ಲಿನ ಸಾಲನ್ನು ಎತ್ತಿ ತನ್ನ ಕಡೆಗೊಮ್ಮೆ ತಿರುಗಿಸಿದಳು, ಆ ಕಡೆಗೊಮ್ಮೆ ತಿರುಗಿಸಿದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಬಲಗಡೆ," ಎಂದಳು.

ದೇವೀರಪ್ಪ ಬಗ್ಗಿ ಹಲ್ಲನ್ನು ನೋಡಿದ.

"ಅವಂದು ಎಡಗಡೆ ಕಣ್ರೀ."

"ಇಲ್ಲ ಕಣೇ, ಬಲಗಡೆ. ನಂಗೆ ಚೆನ್ನಾಗಿ ನೆನಪೈತೆ. ಅವತ್ತು ಸ್ಟೇಷನ್ನಲ್ಲಿ, ನನ್ನ ಈ ಕೈ ಕಡೆಗೆ..." ಎಂದು ಬಲಗೈಯನ್ನು ಎತ್ತಿದವನು, ಕೈಯನ್ನು ಹಾಗೇ ನಿಲ್ಲಿಸಿಬಿಟ್ಟ. ಅವಳಿಗೆ ಎಲ್ಲ ತಿಳಿದುಹೋಯಿತೆಂದು ಅವನಿಗೂ ತಿಳಿಯಿತು. "ನಾನೇ ಹೇಳಿ ಮಾಡಿಸ್ದೆ ತೀರ್ಥ. ಬೀರ ಅಂದಿದ್ದು ತಮಾಷೆಗೆ. ಸತ್ತೋರ ಹಲ್ಲು ಯಾರೂ ಇಡಲ್ಲ. ತಪ್ಪಾಯ್ತು."

ಅವಳು ಸಿಟ್ಟಾಗುತ್ತಾಳೆ, ಇಲ್ಲವೇ ಎದ್ದು ಒಳಗೆ ಹೋಗಿ ಮತ್ತೆ ಮಾತು ಬಿಡುತ್ತಾಳೆ ಎಂದು ಅವನು ಕಾದ. ಅವಳು ಅವನ ಎತ್ತಿದ ಕೈಯನ್ನೇ ನೋಡುತ್ತಿದ್ದಳು.

"ನೀವು ಎದುರಿಗೆ ನಿಂತು ನೋಡಿದ್ದು," ಎಂದಳು. "ನಾನು ತೊಡೆ ಮೇಲೆ ಮಲಗಿಸ್ಕೊಂಡು ನೋಡಿದ್ದು. ಅದಕ್ಕೇ ಹಂಗೆ."

ಅಷ್ಟು ಹೇಳಿದ್ದೇ ತಡ, ಅವಳ ಮುಖ ಒಡೆಯಿತು. ಎರಡು ವರ್ಷದ ಅಳು ಸದ್ದು ಮಾಡಿಕೊಂಡು ಬಂತು. ಎದುರುಮನೆಯ ಪಂಚಾಕ್ಷರಪ್ಪ ಬಾಗಿಲಿಗೆ ಬಂದು ನೋಡಿ ಹಿಂದಕ್ಕೆ ಸರಿದ. ದೇವೀರಪ್ಪ ಏನು ಮಾಡಬೇಕೋ ತಿಳಿಯದೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ.

ಅಳು ನಿಲ್ಲುವ ಮೊದಲೇ ಅವಳು ಮಾತಿಗೆ ತೊಡಗಿದಳು. "ಅವಂಗೆ ಎಂಟು ವರ್ಷ. ನೀವು ಪೂನಾದಲ್ಲಿದ್ರಿ. ಮುಂದಿನ ಹಲ್ಲೆಲ್ಲಾ ಸಲೀಸಾಗಿ ಬಿದ್ವು, ಅದೊಂದು ಬೀಳ್ಲೇ ಇಲ್ಲ. ಅಲ್ಲಾಡಿಸೋಕೆ ಹೋದ್ರೆ ಹಿತ್ತಲಿಗೆ ಓಡೋನು. ದಾರ ಕಟ್ಟಿ ಎಳೀತೀನಿ ಅಂದ್ರೆ ದನದ ಹಟ್ಟೀಲಿ ಬಚ್ಚಿಟ್ಕೊಂಡು, ಅಪ್ಪಾಜಿಗೆ ಕಾಗ್ದ ಬರೀತೀನಿ, ಕೋವಿ ತಗೊಂಡು ಬರ್ತಾರೆ ಅನ್ನೋನು. ಅಷ್ಟರಲ್ಲಿ ಹೊಸ ಹಲ್ಲು ಜಾಗ ಸಾಲದೆ ಮೇಲಿಂದ ಹುಟ್ಬಿಡ್ತು. ಆಮೇಲೆ ನಾನೇ ಒಂದಿನ ಮಲಗಿದ್ದಾಗ ತೊಡೆ ಮೇಲೆ ತಲೆ ಇಟ್ಕೊಂಡು ಸೆರಗಲ್ಲಿ ಹಿಡಿದು ಕಿತ್ತೆ. ಎದ್ದು ಎಷ್ಟು ಬಯ್ದ ಅಂತೀರಿ ನನ್ನ! ಆಮೇಲೆ ಸಗಣಿ ಉಂಡೇಲಿ ಆ ಹಲ್ಲು ಇಟ್ಟು, ಹೊಸದು ನೆಟ್ಟಗೆ ಬರಲಿ ಅಂತ ಅವನ ಕೈಲಿ ಮೂರು ಸಲ ಹೇಳಿಸಿ, ಎಲ್ಲಾದನ್ನೂ ಎಸೆದಂಗೆ ಅದನ್ನೂ ಎಸೆದೆ, ಮಾಳಿಗೆ ಮೇ..."

ಮಾತು ಅಲ್ಲಿಗೆ ನಿಂತಿತು.

ತೀರ್ಥಮ್ಮ ತಲೆಯೆತ್ತಿ ತೊಲೆಗಳನ್ನು ನೋಡಿದಳು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಪ್ರತಿ ಬೇಸಿಗೆಯಲ್ಲೂ ಮಳೆಗೆ ಮುಂಚೆ ಕೆರೆಯ ಆಚೆಯಿಂದ ಕರಲು ಮಣ್ಣು ತರಿಸಿ, ಹರಡಿ, ತುಳಿಸಿ ಗಟ್ಟಿಮಾಡುತ್ತ ಬಂದ ಮಾಳಿಗೆ.

ದೇವೀರಪ್ಪ ಎದ್ದು ಹಟ್ಟಿಯಿಂದ ಏಣಿ ತಂದು ಗೋಡೆಗೆ ಆನಿಸಿದ. ತೀರ್ಥಮ್ಮ ಅದರ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಿ ನಿಂತು ಎಸೀತಿದ್ದೆ?" ಎಂದು ಅವನು ಮೇಲಿನಿಂದ ಕೇಳಿದ.

"ಅಲ್ಲೇ, ಬಾಗಿಲ ನೇರಕ್ಕೆ. ನನ್ನ ಕೈ ದೂರ ಹೋಗ್ತಿರ್ಲಿಲ್ಲ."

ಬಿಸಿಲಿಗೆ ಮಾಳಿಗೆ ಕಾದಿತ್ತು. ಅಲ್ಲಿಂದ ಕೆರೆಯ ನೀರು ಕಣ್ಣು ಹಾಯುವಷ್ಟು ದೂರ ಹೊಳೆಯುತ್ತಿತ್ತು. ಅವನು ಮಂಡಿಯೂರಿ ಕುಡುಗೋಲಿನ ಮೊನೆಯಿಂದ ಮಣ್ಣು ಕೆದಕಿದ. ಒಂದು ಹಿಡಿ ತುಂಬಿಕೊಂಡು ಅಂಚಿಗೆ ಬಂದು ಬಗ್ಗಿ ತೋರಿಸಿದ.

"ಮಣ್ಣು ಕೊಡೋಕೆ ಇಷ್ಟು ಸಾಕೇನೇ?"

ತೀರ್ಥಮ್ಮ ಕಣ್ಣಿಗೆ ಕೈ ಅಡ್ಡಹಿಡಿದು ಅವನ ಹಿಡಿಯನ್ನು ನೋಡಿದಳು.

"ಅದು ಹೋದ ವರ್ಷ ಹಾಕಿಸಿದ್ದು," ಎಂದಳು. "ಇನ್ನೂ ಅಡೀದು ತೆಗೀರಿ."

ಅವನು ಹಿಂದಕ್ಕೆ ಸರಿದು ಮತ್ತೆ ಕೂತ. ಮಣ್ಣು ಕೆದಕುವ ಸದ್ದು ಸಣ್ಣಗೆ ಕೇಳುತ್ತಿತ್ತು. ಕೆಳಗೆ ಅಂಗಳದಲ್ಲಿ ಅವಳು ಸೆರಗನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಮೇಲಕ್ಕೆ ನೋಡುತ್ತ ನಿಂತಳು.